ತಕ್ಕಡಿಯವಳನ್ನು ತೂಗಲು ಬಂದವರು

ನನ್ನ ತಂಗಿಯನ್ನು ಅಳೆಯುವುದಕ್ಕೆ ಅಂತ ಒಂದು ದಿನ ಕಾರು ಬಂತು. ನಗಬೇಡ ಕೂಸೇ, ಬರಕೋ. ಬಟ್ಟೆ ಹೊಲಿಸುವುದಕ್ಕೆ ಅಳೆದದ್ದಲ್ಲ. ಯಾವ ಯಾವ ದೇಶದಲ್ಲಿ ಅಂಗಡಿ, ಕಾರ್ಖಾನೆ ನಡೆಸುವ ಹೆಂಗಸರಿಗೆ ಎಷ್ಟೆಷ್ಟು ಅನುಕೂಲ ಇದೆ ಅಂತ ಅಳೆದು, ಪರೀಕ್ಷೆ ಬರೆದ ಮಕ್ಕಳಿಗೆ ಕೊಟ್ಟ ಹಾಗೆ ದೇಶಗಳಿಗೆ ಅಂಕ ಕೊಡುವವರು ಇದ್ದಾರಂತೆ. ಮೊದಲನೆಯ ದೇಶ, ಎರಡನೆಯ ದೇಶ, ಕಡೆಯ ಬೆಂಚಿನ ದೇಶ. ನಮ್ಮದು ಹಿಂದಿನ ವರ್ಷ ಎರಡು ಬೆಂಚು ಹಿಂದಕ್ಕೆ ಜಾರಿತ್ತಂತೆ. ಅದಕ್ಕೇ ಸಾಹೇಬರುಗಳಿಗೆಲ್ಲ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಹೆಂಗಸರ ಮೇಲೆ ಅವರಿಗೆ ಅಷ್ಟು ಅಕ್ಕರೆ ನಾನು ಆ ಮೊದಲು ನೋಡಿಲ್ಲ, ಆಮೇಲೂ ನೋಡಿಲ್ಲ.

ನಿನ್ನ ಚಿಕ್ಕಜ್ಜಿ ತಕ್ಕಡಿ ರಿಪೇರಿಯವಳು. ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ ಬಣ್ಣ ಮಾರುವವರ ಅಂಗಡಿ ಇದೆಯಲ್ಲ, ಅದರ ಮಹಡಿಗೆ ಹೋಗುವ ಮೆಟ್ಟಿಲ ಕೆಳಗೆ ಅವಳ ಅಂಗಡಿ. ಯಾರಾದರೂ ಮೇಲೆ ಹತ್ತಿದರೆ ತಲೆಯ ಮೇಲೆ ಧೂಳು ಉದುರುತ್ತದೆ. ನೆಟ್ಟಗೆ ನಿಲ್ಲುವುದಕ್ಕೆ ಆಗುವುದು ಬಾಗಿಲ ಹತ್ತಿರ ಮಾತ್ರ. ಒಳಗೆ ಹೋದಷ್ಟೂ ಬಗ್ಗಬೇಕು, ಕಡೆಗೆ ಕೂತೇ ಬಿಡಬೇಕು. ಆ ಕೂತೇ ಬಿಡುವ ಜಾಗದಲ್ಲಿ ಅವಳ ಬೆಂಚು, ಮೇಲೆ ಒಂದು ಬಲ್ಬು, ಪಕ್ಕದಲ್ಲಿ ಸೀಸ ಕರಗಿಸುವ ಸಣ್ಣ ಒಲೆ. ಮುಂದೆ, ಬೆಳಕು ಗಾಳಿ ಇರುವ ಕಡೆ, ಕೈಯಿರುವ ಒಂದು ಕುರ್ಚಿ. ಆ ಕುರ್ಚಿ ಯಾರದು ಅಂತ ಹೇಳುತ್ತೇನೆ ತಾಳು.

ನಮ್ಮಪ್ಪನಿಗೆ ಮೂವರು ಮಕ್ಕಳು. ನಾನು ದೊಡ್ಡವಳು, ನಡುವೆ ತಮ್ಮ, ಕೊನೆಯಲ್ಲಿ ಇವಳು. ಕಸುಬು ಮಗನಿಗೆ ಅಂತ ಅಪ್ಪ ಅವನನ್ನು ಬೆಂಚಿಗೆ ಕೂರಿಸಿ ಕೈಗೆ ಅರ ಕೊಟ್ಟರು. ತಕ್ಕಡಿಯ ದಂಡದ ನಡುಮಧ್ಯೆ ಉಕ್ಕಿನದೊಂದು ಚೂಪು ಅಂಚು ಇರುತ್ತದೆ, ಇಡೀ ತಕ್ಕಡಿ ಆಡುವುದು ಅದರ ಮೇಲೆ. ಅದನ್ನು ಮಗುವಿನ ಉಗುರು ಕತ್ತರಿಸುವಷ್ಟು ನಾಜೂಕಾಗಿ ಉಜ್ಜಬೇಕು. ನನ್ನ ತಮ್ಮ ಸೌದೆ ಕೊಯ್ಯುವವನ ಹಾಗೆ ಉಜ್ಜಿದ. ಒಂದೇ ವಾರದಲ್ಲಿ ಮೂರು ತಕ್ಕಡಿ ಮಣ್ಣುಪಾಲು. ಇವಳಿಗೆ ಆಗ ಒಂಬತ್ತು ವರ್ಷ. ಸ್ಕೂಲು ಬಿಟ್ಟ ಮೇಲೆ ಮೂಲೆಯಲ್ಲಿ ಕೂತು ಬ್ರೆಡ್ಡು ತಿನ್ನುತ್ತಿದ್ದವಳು ಒಂದು ದಿನ ಬಾಯಲ್ಲಿ ತುತ್ತು ಇಟ್ಟುಕೊಂಡೇ, "ಅಪ್ಪಾ, ಅದರ ಎಡಗೈ ಉದ್ದ" ಅಂದಳು.

"ಯಾರ ಕೈಯೇ?"

"ತಕ್ಕಡೀದು."

ಅಪ್ಪ ಅಳೆದು ನೋಡಿದರು. ಕೂದಲೆಳೆಯಷ್ಟು ಉದ್ದವಿತ್ತು. ಮಾರನೆಯ ದಿನದಿಂದ ಮಗನನ್ನು ಮುಂದಿನ ಕುರ್ಚಿಗೆ ಕಳಿಸಿ ಮಗಳನ್ನು ಬೆಂಚಿಗೆ ಕೂರಿಸಿಕೊಂಡರು. ಅವನು ಆ ಕುರ್ಚಿ ಬಿಟ್ಟು ಎದ್ದದ್ದು ನಲವತ್ತು ವರ್ಷ ಆದ ಮೇಲೆ. ಪೇಪರಿನಲ್ಲಿ ಬಂದ ಸುದ್ದಿಯನ್ನೆಲ್ಲ ಬಾಯಿಪಾಠ ಮಾಡಿದ್ದೇ ಅವನ ಜೀವಮಾನದ ದುಡಿಮೆ.

ಇವಳ ಕಣ್ಣು ಅಂಥದ್ದು, ಮೂಗಿನ ತುದಿಯಲ್ಲಿ ಕೋಪವೂ ಅಂಥದ್ದೇ. ಇವಳನ್ನು ನೋಡಲು ಒಬ್ಬ ಗಂಡು ಬಂದಿದ್ದ, ಒಂದು ಕೇಜಿಯದು ಅಂತ ಸಿಹಿಯ ಡಬ್ಬಿ ತಂದಿದ್ದ. ಇವಳು ನಮಸ್ಕಾರವನ್ನೂ ಮಾಡದೆ ಡಬ್ಬಿ ಒಳಗೆ ತಗೊಂಡು ಹೋಗಿ ತೂಗಿ, ಹೊರಗೆ ಬಂದು, "ಎಂಟುನೂರ ಎಪ್ಪತ್ತು ಗ್ರಾಂ ಇದೆ. ನಿಮಗೆ ಮೋಸ ಆಗಿದೆಯೋ, ನಮಗೆ ಮೋಸ ಮಾಡ್ತಾ ಇದ್ದೀರೋ?" ಅಂದಳು. ಅಮ್ಮ ಹಣೆ ಹಣೆ ಚಚ್ಚಿಕೊಂಡರು. ಆ ಗಂಡು ಕಾಲಿಗೆ ಬುದ್ಧಿ ಹೇಳಿದ. ಆಮೇಲೆ ಇನ್ನಿಬ್ಬರು ಬಂದರು, ಅವರು ಸಿಹಿಯನ್ನೇ ತರಲಿಲ್ಲ, ಇವಳು ಹೊರಗೇ ಬರಲಿಲ್ಲ. ಇರಲಿ ಬಿಡು. ಗಂಡ ಇಲ್ಲ ಅಂತ ಅವಳು ಒಂದು ದಿನವೂ ಸೊರಗಿದ್ದನ್ನು ನಾನು ಕಾಣೆ. ಗಂಡ ಇದ್ದ ನಾನು ಸೊರಗಿದ್ದೇನೆ, ಅದು ಬರೀಬೇಡ.

ಈಗ ಮುದ್ರೆಯ ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ತೂಕದ ಕಲ್ಲು ಅಂತೀವಲ್ಲ, ಕಬ್ಬಿಣದ್ದಾದರೂ ಕಲ್ಲು, ಅದರ ಹೊಟ್ಟೆಯಲ್ಲಿ ಒಂದು ತೂತು ಇರುತ್ತದೆ. ಕಲ್ಲು ಸವೆದು ತೂಕ ಕಡಿಮೆಯಾದರೆ ಆ ತೂತಿಗೆ ಸೀಸ ಹುಯ್ದು ಸರಿಮಾಡುತ್ತಾರೆ. ಆಮೇಲೆ ಸೀಸದ ಮೇಲೆ ಮುದ್ರೆ ಹೊಡೆಯಬೇಕು. ಬೆರಳುದ್ದದ ಉಕ್ಕಿನ ಮೊಳೆ, ತುದಿಯಲ್ಲಿ ರಿಪೇರಿಯವರ ನಂಬರು. ಲೈಸೆನ್ಸು ಯಾರ ಹೆಸರಿನಲ್ಲಿದೆಯೋ ಅವರ ಕೈಯಿಂದಲೇ ಹೊಡೆಯಬೇಕು. ಮುದ್ರೆಯಿಲ್ಲದ ಕಲ್ಲು ಇಟ್ಟುಕೊಂಡರೆ ಅಂಗಡಿಯವನಿಗೆ ದಂಡ. ಅಪ್ಪ ತೀರಿಹೋದ ಮೇಲೆ ಲೈಸೆನ್ಸು ತಮ್ಮನ ಹೆಸರಿಗೆ ಬಂತು. ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ, ನೀರು ತಗ್ಗಿಗೆ ಹರಿದ ಹಾಗೆ ಅವನ ಕಡೆಗೆ ಹರಿಯಿತು.

ಬೆಳಗ್ಗೆಯಿಂದ ಇವಳು ಬಗ್ಗಿ ಕೂತು ಅರದಲ್ಲಿ ಉಜ್ಜಿ, ಕರಗಿಸಿ, ಹುಯ್ದು ಸಾಲಾಗಿ ಇಟ್ಟಿರುತ್ತಿದ್ದಳು. ಸಂಜೆ ಐದಕ್ಕೆ ಅವನು ಪೇಪರು ಮಡಿಸಿ, ಜೇಬಿನಿಂದ ಮುದ್ರೆ ತೆಗೆದು ಟಣ್ ಟಣ್ ಅಂತ ಹೊಡೆಯುತ್ತಿದ್ದ. ಹತ್ತು ನಿಮಿಷದ ಕೆಲಸ. ಆಮೇಲೆ ಸೊಂಟದ ಮೇಲೆ ಕೈಯಿಟ್ಟು, "ಅಬ್ಬಾ, ಇವತ್ತು ಸಾಕಾಯ್ತು" ಅನ್ನುತ್ತಿದ್ದ. ನಾನು ಮಧ್ಯಾಹ್ನದ ಊಟದ ಡಬ್ಬಿ ತಗೊಂಡು ಹೋದವಳು ಸಂಜೆಯವರೆಗೂ ಅಲ್ಲೇ ಸ್ಟೂಲಿನ ಮೇಲೆ ಕೂತಿರುತ್ತಿದ್ದೆ. ಕಣ್ಣಾರೆ ನೋಡಿದ್ದು ಹೇಳುತ್ತಿದ್ದೇನೆ. ಒಂದು ಸಲ ಅವನು ಸ್ನೇಹಿತನ ಮನೆಗೆ ಅಂತ ನಾಲ್ಕು ದಿನ ಹೋದ, ಮುದ್ರೆ ಜೇಬಿನಲ್ಲಿ. ತರಕಾರಿಯವರು, ದಿನಸಿಯವರು ಎಲ್ಲ ಬಾಗಿಲಲ್ಲಿ ನಿಂತು ಇವಳಿಗೆ ಶಾಪ ಹಾಕಿದರು. ಬಂದ ಮೇಲೆ ಕೇಳಿದಳು, "ಅಣ್ಣಾ, ಹೋಗುವಾಗ ಡ್ರಾಯರಲ್ಲಿ ಇಟ್ಟು ಹೋಗಬಾರದಾ?"

"ಛೆ ಛೆ! ಕಾನೂನು ಒಪ್ಪಲ್ಲಮ್ಮಾ."

ಕಾನೂನಿನ ಮೇಲೆ ಎಂಥಾ ಭಕ್ತಿ ನೋಡು. ಮನೆಯಲ್ಲಿ ತಾನು ತಿಂದ ತಟ್ಟೆ ತೊಳೆಯುವುದಕ್ಕೂ ಯಾವುದೋ ಕಾನೂನು ಒಪ್ಪುತ್ತಿರಲಿಲ್ಲ ಅವನಿಗೆ.

ಆಗ ಇವಳು ತನ್ನ ಹೆಸರಿಗೇ ಒಂದು ಲೈಸೆನ್ಸು ಬೇಕು ಅಂತ ಅರ್ಜಿ ಹಾಕಿದಳು. ಹೆಂಗಸು ಹಾಕಬಾರದು ಅಂತ ಎಲ್ಲೂ ಇಲ್ಲ. ತೂಕ ಅಳತೆಯ ಆಫೀಸಿನ ಗೋಡೆಯ ಮೇಲೆ ನಿಯಮಗಳ ದೊಡ್ಡ ಬೋರ್ಡೇ ಇತ್ತು, ಇವಳು ಮೇಲಿಂದ ಕೆಳಗೆ ಓದಿಕೊಂಡು ಬಂದಿದ್ದಳು. ಅರ್ಜಿ ಹಾಕಿದ ಮೇಲೆ ಇನ್‌ಸ್ಪೆಕ್ಟರು ಬಂದು, ಮಾಲೀಕರು ಇರುವಾಗ ಅಂಗಡಿ ನೋಡಿ, ಸರಿ ಇದೆ ಅಂತ ಬರೆಯಬೇಕು. ಅಷ್ಟೇ.

ಮೊದಲನೆಯ ಇನ್‌ಸ್ಪೆಕ್ಟರು ಬಂದ. ಬಾಗಿಲಲ್ಲೇ ನಿಂತು, "ಏನಮ್ಮಾ, ಮಾಲೀಕರು ಎಲ್ಲಿ?" ಅಂದ.

"ನಾನೇ. ಒಳಗೆ ಬನ್ನಿ, ತಲೆ ಜೋಪಾನ."

"ಅದು ಸರಿಯಮ್ಮಾ. ಮಾಲೀಕರು ಎಲ್ಲಿ?"

"ನಾನೇ ಅಂದ್ನಲ್ಲ ಸಾರ್."

ಅವನು ಅಂಗಡಿಯ ಒಳಗೆಲ್ಲ ಕತ್ತು ಚಾಚಿ ನೋಡಿದ. ನನ್ನನ್ನು ನೋಡಿದ, ಒಲೆ ನೋಡಿದ, ಬೆಂಚಿನ ಕೆಳಗೂ ನೋಡಿದ. ಏನೋ ಗೀಚಿಕೊಂಡು ಹೋದ. ಆಮೇಲೆ ಆಫೀಸಿನಿಂದ ಕಾಗದ ಬಂತು: 'ತಪಾಸಣೆಯ ವೇಳೆ ಮಾಲೀಕರು ಗೈರುಹಾಜರು.' ಕೂತವಳು ಕೂತಲ್ಲೇ ಗೈರುಹಾಜರು! ಎರಡನೆಯವನು ಮುಂದಿನ ವರ್ಷ ಬಂದ, ಅವನದೂ ಅದೇ ಹಾಡು. ಮೂರನೆಯವನಿಗಂತೂ ಇವಳು ಗುರುತಿನ ಚೀಟಿ ಮುಖದ ಮುಂದೆ ಹಿಡಿದಳು. ಅವನು ಅದನ್ನು ನೋಡಿ, ಇವಳನ್ನು ನೋಡಿ, "ಹೂಂ, ಇದು ನೀವೇ ಕಣಮ್ಮಾ. ಮಾಲೀಕರದ್ದು ತೋರ್ಸಿ" ಅಂದ. ಮೂವರೂ ಬೇರೆ ಬೇರೆ ಮನುಷ್ಯರು. ತಲೆ ಮಾತ್ರ ಒಂದನ್ನೇ ಮೂವರೂ ಬಾಡಿಗೆಗೆ ತಂದಿದ್ದರು. ಹೀಗೆ ನಾಲ್ಕು ವರ್ಷ.

ನಾಲ್ಕನೆಯ ವರ್ಷ ಏನಾಯಿತು ಅಂದರೆ, ಎಲೆಕ್ಟ್ರಾನಿಕ್ ತಕ್ಕಡಿ ಮಾರುವ ಒಬ್ಬ ದೊಡ್ಡ ಬೀದಿಯಲ್ಲಿ ಶೋರೂಮು ತೆಗೆದ. ನನ್ನ ತಮ್ಮನನ್ನು ಕರೆದು, ಹಳೆಯ ಅಂಗಡಿ ಮುಚ್ಚಿ ಲೈಸೆನ್ಸು ಆಫೀಸಿಗೆ ಒಪ್ಪಿಸಿ ಬಂದರೆ ಶೋರೂಮಿನ ಮುಂದೆ ಕೂರುವ ಕೆಲಸ ಕೊಡುತ್ತೇನೆ ಅಂದ. ಕೂರುವ ಕೆಲಸ ಅಂದರೆ ಇವನಿಗೆ ಯಾರೂ ತರಬೇತಿ ಕೊಡಬೇಕಾಗಿಲ್ಲವಲ್ಲ. ಅಲ್ಲಿ ತಿರುಗುವ ಕುರ್ಚಿ ಬೇರೆ. ಊಟದ ಡಬ್ಬಿ ಬಿಚ್ಚುತ್ತಿದ್ದಾಗ ಹೇಳಿದ, ಹವಾಮಾನದ ವಿಷಯ ಹೇಳಿದ ಹಾಗೆ: "ಈ ತಿಂಗಳ ಕೊನೇಗೆ ಮುದ್ರೆ ವಾಪಸ್ ಕೊಟ್ಬಿಡ್ತೀನಿ. ನಿಂಗೂ ವಯಸ್ಸಾಯ್ತು, ಇನ್ನು ಆರಾಮಾಗಿರು."

ಇವಳು ಕೈಯಲ್ಲಿದ್ದ ತುತ್ತು ಡಬ್ಬಿಗೆ ಹಾಕಿ, "ಅಣ್ಣಾ, ನಿನ್ನ ಮುದ್ರೆ ಹೋದ್ರೆ ನನ್ನ ಕೈಯಿಂದ ಒಂದು ಕಲ್ಲು ಹೊರಗೆ ಹೋಗಲ್ಲ" ಅಂದಳು.

"ನಿಂದೇ ಲೈಸೆನ್ಸು ಬರತ್ತಲ್ಲ."

"ಯಾವಾಗ?"

"ಬರತ್ತೆ ಬಿಡು. ನೀನು ಅಲ್ಲಿ ಹೋಗಿ ಸರಿಯಾಗಿ ಮಾತಾಡಲ್ಲ, ಅದೇ ನಿನ್ನ ಕಾಯಿಲೆ."

ನನಗೆ ಡಬ್ಬಿಯ ಮುಚ್ಚಳದಲ್ಲಿ ಅವನ ತಲೆಗೆ ಒಂದು ಕೊಡಬೇಕು ಅನ್ನಿಸಿತು. ಒಡಹುಟ್ಟಿದವನು, ಏನು ಮಾಡುವುದು. ಡಬ್ಬಿಯೂ ಹೊಸದು.

ತಿಂಗಳು ಮುಗಿಯಲು ಹನ್ನೊಂದು ದಿನ ಇರುವಾಗ ಆ ಆಫೀಸಿನ ದೊಡ್ಡ ಸಾಹೇಬರೇ ಫೋನು ಮಾಡಿದರು. ಬಾಯಿ ತುಂಬ 'ಮೇಡಮ್ ಮೇಡಮ್'. ನಾಳೆ ಬೆಳಗ್ಗೆ ಹತ್ತಕ್ಕೆ ಆ ದೇಶಗಳಿಗೆ ಅಂಕ ಕೊಡುವ ಸರ್ವೆಯವರು ಬರುತ್ತಾರೆ, ಗಂಡಸರ ಕಸುಬಿನಲ್ಲಿ ಹೆಸರು ಮಾಡಿದ ಯಶಸ್ವಿ ಮಹಿಳಾ ಉದ್ಯಮಿ ಅಂತ ನಿಮ್ಮ ಹೆಸರು ನಾವೇ ಕೊಟ್ಟಿದ್ದೇವೆ ಅಂದರು. ಮೂರು ಸಲ ಗೈರುಹಾಜರಾದವಳು ಒಂದೇ ಏಟಿಗೆ ಯಶಸ್ವಿ! ಫೋನಿಗೆ ನಾನೂ ಕಿವಿ ಕೊಟ್ಟಿದ್ದೆ.

"ಸಾರ್, ನನ್ನ ಹೆಸರಲ್ಲಿ ಲೈಸೆನ್ಸೇ ಇಲ್ವಲ್ಲ" ಅಂದಳು ಇವಳು.

"ಅದೇ ಮೇಡಮ್, ಅದೇ. ಒಂಬತ್ತು ಗಂಟೆಗೆ ನಮ್ಮ ಹೊಸ ಇನ್‌ಸ್ಪೆಕ್ಟರ್ ಬರ್ತಾರೆ, ಮುಗಿಸ್ಕೊಟ್ಬಿಡ್ತಾರೆ. ಹತ್ತಕ್ಕೆ ಅವರು ಕೇಳ್ದಾಗ ಎಲ್ಲ ಚೆನ್ನಾಗಿದೆ ಅಂದ್ಬಿಡಿ. ದೇಶದ ಮರ್ಯಾದೆ ಪ್ರಶ್ನೆ."

ಇವಳು ಫೋನು ಇಟ್ಟಳು. ನಾನು ಹೇಳಿದೆ, "ನೋಡು, ನಾಳೆ ಒಂದಿನ ನಿನ್ನ ಬಾಯಿಗೆ ಬೀಗ ಹಾಕ್ಕೋ. ಅವರಿಗೆ ಬೇಕಾದ್ದು ಅಂದುಬಿಡು. ಮುದ್ರೆ ಕೈಗೆ ಬಂದ ಮೇಲೆ ಬೇಕಾದಷ್ಟು ಬೈಕೋ." ಇವಳು ತಲೆ ಆಡಿಸಿದಳು. ಹೌದು ಅಂತಲೋ ಇಲ್ಲ ಅಂತಲೋ ಆ ತಲೆಯಿಂದ ತಿಳಿಯುವುದಿಲ್ಲ, ಚಿಕ್ಕಂದಿನಿಂದ ಹಾಗೇ.

ಮಾರನೆಯ ದಿನ ಸರ್ವೆಯವರ ಕಾರು ಹತ್ತಕ್ಕಲ್ಲ, ಎಂಟೂವರೆಗೇ ಬಂದು ನಿಂತಿತು. ಇಳಿದವಳು ಒಬ್ಬ ಸಣ್ಣ ಹುಡುಗಿ, ಮೆತ್ತನೆಯ ಬೂಟು, ಕೈಯಲ್ಲಿ ಹಲಗೆಯಂಥ ಫೋನು. ಸಾಹೇಬರು ಪಕ್ಕದಲ್ಲಿ ಇದ್ದರೆ ಎಲ್ಲರೂ ಒಂದೇ ಥರ ಮಾತಾಡುತ್ತಾರೆ, ಅದಕ್ಕೇ ತಪ್ಪಿಸಿಕೊಂಡು ಬೇಗ ಬಂದೆ ಅಂದಳು. ಅಷ್ಟು ಬುದ್ಧಿ ಇತ್ತು ಅವಳಿಗೆ, ಇಲ್ಲ ಅನ್ನುವುದಿಲ್ಲ. ಒಳಗೆ ಬಂದು ಇವಳ ಎದುರು ಕುಕ್ಕರಗಾಲಲ್ಲಿ ಕೂತಳು. ಅವಳ ಡ್ರೈವರು ದಪ್ಪ ಮೀಸೆಯವನು, ಇಸ್ತ್ರಿ ಮಾಡಿದ ಬಿಳಿ ಷರಟು. ಒಂದು ಬನ್ನು ಕೊಂಡುಕೊಂಡು ಬಂದು ಮುಂದಿನ ಕುರ್ಚಿಯಲ್ಲಿ ಕೂತು ನಮ್ಮ ತಮ್ಮನ ಪೇಪರು ಬಿಡಿಸಿದ. ನನ್ನ ತಮ್ಮ ಆಗಲೇ ಶೋರೂಮಿನ ಕುರ್ಚಿ ತಿರುಗಿಸಿ ನೋಡಲು ಹೋಗಿದ್ದ.

ಹುಡುಗಿ ಪ್ರಶ್ನೆ ಶುರು ಮಾಡಿದಳು.

"ಒಬ್ಬ ಮಹಿಳೆ ಇದ್ದಾಳೆ ಅಂದ್ಕೊಳ್ಳಿ ಆಂಟಿ. ಮೂವತ್ತೈದು ವರ್ಷ, ಮದುವೆಯಾಗಿದೆ, ಇಬ್ಬರು ಮಕ್ಕಳು, ಆರೋಗ್ಯ ಚೆನ್ನಾಗಿದೆ. ಅವಳು ಗಂಡಸಿನ ಹಾಗೇ ವ್ಯಾಪಾರ ನೋಂದಾಯಿಸಬಹುದಾ? ಹೌದು ಅಥವಾ ಇಲ್ಲ."

"ಯಾರಮ್ಮಾ ಅವಳು?"

"ಯಾರೂ ಅಲ್ಲ. ಊಹೆ. ಎಲ್ಲ ದೇಶದಲ್ಲೂ ಇದೇ ಮಹಿಳೆ."

"ಎಲ್ಲ ದೇಶದಲ್ಲೂ ಒಬ್ಬಳೇ ಓಡಾಡ್ತಾಳಾ? ಪಾಪ, ಮಕ್ಕಳನ್ನ ಯಾರು ನೋಡ್ಕೋತಾರೆ?"

ಹುಡುಗಿಗೆ ನಗು ತಡೆಯಲಾಗಲಿಲ್ಲ. ನನಗೆ ನಗು ಬರಲಿಲ್ಲ. ನೋಡು ಮಗಾ, ಎದುರಿಗೆ ನಿಜವಾದವಳೊಬ್ಬಳು ಮೊಣಕೈವರೆಗೆ ಮಸಿ ಬಳಿದುಕೊಂಡು ಕೂತಿದ್ದಾಳೆ. ಅವಳನ್ನು ಬಿಟ್ಟು, ಇಲ್ಲದವಳೊಬ್ಬಳನ್ನು ಕಾಗದದಲ್ಲಿ ಕತ್ತರಿಸಿ, ಆ ಬೊಂಬೆಯನ್ನು ಎಲ್ಲ ದೇಶಕ್ಕೂ ಹೊತ್ತುಕೊಂಡು ಹೋಗಿ, ಇವಳಿಗೆ ಇಲ್ಲಿ ಅನುಕೂಲವೇ ಅಂತ ಕೇಳುವುದು! ಬೊಂಬೆಗೆ ಎಲ್ಲೂ ಅನುಕೂಲವೇ. ಬೊಂಬೆಯನ್ನು ಯಾವ ಇನ್‌ಸ್ಪೆಕ್ಟರೂ ಮಾಲೀಕರು ಎಲ್ಲಿ ಅಂತ ಕೇಳುವುದಿಲ್ಲ. ಹೀಗೆ ದೇಶ ದೇಶ ಸುತ್ತಿ ಅಳೆಯುವುದಕ್ಕೆ ಓದಿರಬೇಕಂತೆ, ದೊಡ್ಡ ದೊಡ್ಡ ಓದು.

"ಕಾನೂನಿನಲ್ಲಿ ಅಡ್ಡಿ ಇದೆಯಾ ಆಂಟಿ? ಹೌದು, ಇಲ್ಲ, ಎರಡೇ ಉತ್ತರ."

"ಕಾನೂನಲ್ಲಿ ಇಲ್ಲ."

"ಹಾಗಾದ್ರೆ ಪೂರ್ತಿ ಅಂಕ" ಅಂತ ಹುಡುಗಿ ಹಲಗೆಯ ಮೇಲೆ ಬೆರಳಿಟ್ಟಳು.

"ತಡೆಯಮ್ಮಾ" ಅಂದಳು ಇವಳು. ಬೆಂಚಿನ ಮೇಲಿದ್ದ ಒಂದು ತಕ್ಕಡಿ ಎತ್ತಿ ತೂಗುಹಾಕಿದಳು. ಒಂದು ತಟ್ಟೆಗೆ ಕಲ್ಲು, ಇನ್ನೊಂದಕ್ಕೆ ಮೊಳೆಗಳ ಪೊಟ್ಟಣ. ಮುಳ್ಳು ನಡುವೆ ನೆಟ್ಟಗೆ ನಿಂತಿತು. "ಸರಿ ಇದೆಯಾ?"

"ಸರಿ ಇದೆ."

ಇವಳು ಕಲ್ಲನ್ನು ಆ ಕಡೆಗೂ ಪೊಟ್ಟಣವನ್ನು ಈ ಕಡೆಗೂ ಹಾಕಿದಳು. ಮುಳ್ಳು ಧಡಕ್ಕನೆ ಪಕ್ಕಕ್ಕೆ ವಾಲಿತು. "ಅದೇ ಕಲ್ಲು, ಅದೇ ಪೊಟ್ಟಣ. ತಕ್ಕಡಿ ಕೆಟ್ಟಿದೆ ಅಂತ ಒಂದೇ ಸಲ ತೂಗಿದ್ರೆ ಗೊತ್ತಾಗಲ್ಲ. ತಟ್ಟೆ ಬದಲಾಯಿಸಿ ನೋಡಬೇಕು. ನೀವು ಬದಲಾಯಿಸಿ ನೋಡಿದ್ದೀರಾ?"

ಹುಡುಗಿ ಬಾಯಿ ತೆರೆಯುವಷ್ಟರಲ್ಲಿ ಬಾಗಿಲಲ್ಲಿ ಹೊಸ ಇನ್‌ಸ್ಪೆಕ್ಟರು. ಒಂಬತ್ತು ಗಂಟೆ ಸರಿಯಾಗಿ. ಕಂಕುಳಲ್ಲಿ ನಮ್ಮ ಫೈಲು. ಅವನು ಒಳಗೆ ನೋಡಲೇ ಇಲ್ಲ. ಕುರ್ಚಿಯಲ್ಲಿದ್ದ ಮೀಸೆಗೆ ಎರಡೂ ಕೈ ಮುಗಿದು, "ನಮಸ್ಕಾರ ಯಜಮಾನ್ರೇ! ಸಾಹೇಬ್ರು ಹೇಳಿದ್ರು. ಎರಡು ನಿಮಿಷದ ಕೆಲಸ" ಅಂದ.

ಡ್ರೈವರನ ಬಾಯಿ ತುಂಬ ಬನ್ನು. "ಹೂಂ" ಅಂದ.

"ವರ್ಕ್‌ಶಾಪು ಇದೇ ಅಲ್ವಾ? ಚೆನ್ನಾಗಿಟ್ಕೊಂಡಿದ್ದೀರಿ. ಒಳಗೆ ಹೆಂಗಸರು ಕೆಲಸಕ್ಕಿದ್ದಾರೆ, ಭೇಷ್, ಭೇಷ್. ಈಗ ಅದೇ ಬೇಕಾಗಿರೋದು." ಬರೆಯುತ್ತಾ ಬರೆಯುತ್ತಾ ಗಟ್ಟಿಯಾಗಿ ಓದಿದ: "ಮಾಲೀಕರು ಖುದ್ದು ಹಾಜರಿದ್ದರು. ಕಾರ್ಯಾಗಾರ ತೃಪ್ತಿಕರ. ಲೈಸೆನ್ಸು ನೀಡಬಹುದು. ಇಲ್ಲೊಂದು ಸಹಿ ಹಾಕಿ ಯಜಮಾನ್ರೇ."

ಆ ಡ್ರೈವರು ದಿನಕ್ಕೆ ಹತ್ತು ಕಡೆ ಗಾಡಿಯ ಕಾಗದಕ್ಕೆ ಸಹಿ ಹಾಕುವವನು. ಇದೂ ಅಂಥದ್ದೇ, ಗಾಡಿ ನಿಲ್ಲಿಸಿದ್ದಕ್ಕೆ ಇರಬೇಕು ಅಂದುಕೊಂಡ. ಬನ್ನನ್ನು ಎಡಗೈಗೆ ಬದಲಾಯಿಸಿ ಪೆನ್ನು ತಗೊಂಡ.

ಆ ಫೈಲಿನ ಮೇಲೆ ಇವಳ ಹೆಸರು ಇಷ್ಟು ದಪ್ಪ ಅಕ್ಷರದಲ್ಲಿತ್ತು. ಓದಿದರೆ ತಾನೇ! ಅವನಿಗೆ ಬೇಕಾಗಿದ್ದು ಫೈಲಿನ ನಂಬರು ಮತ್ತು ಒಂದು ಮೀಸೆ.

ನಾಲ್ಕು ವರ್ಷ ಬಾರದ್ದು ಬಾಗಿಲಿಗೆ ಬಂದು ಕೂತಿದೆ. ಸುಮ್ಮನಿದ್ದರೆ ಲೈಸೆನ್ಸು ಬರುತ್ತದೆ, ಅಂಗಡಿ ಉಳಿಯುತ್ತದೆ. ಇವಳು ಎದ್ದಳು. ನಾನು ತೋಳು ಹಿಡಿದು ಬಲವಾಗಿ ಚಿವುಟಿದೆ. "ಸುಮ್ನಿರೇ! ಹಾಕ್ಲಿ! ಹೆಸರು ನಿಂದೇ ತಾನೇ ಇರೋದು!"

"ಸಹಿ ಅವನದ್ದು ಬೀಳತ್ತಲ್ಲಕ್ಕಾ. ಇನ್ನೊಬ್ಬ ಗಂಡಸಿನ ಸಹಿ ಕೆಳಗೇ ಕೂರೋದಾದ್ರೆ ನಮ್ಮಣ್ಣ ಏನು ಕೆಟ್ಟಿದ್ದ?"

ಹಾಗೆ ಅಂದವಳೇ ಮುಂದೆ ಹೋಗಿ ಡ್ರೈವರನ ಕೈಯಿಂದ ಪೆನ್ನು ತಗೊಂಡಳು. "ಸಾರ್, ಇವರು ಕಾರಿನ ಡ್ರೈವರು. ಅಂಗಡಿ ನಂದು. ಅರ್ಜಿ ನಂದು. ಮಾಲೀಕಳು ನಾನು."

ಇನ್‌ಸ್ಪೆಕ್ಟರು ಅವಳನ್ನು ನೋಡಿದ, ಮೀಸೆಯನ್ನು ನೋಡಿದ. ಡ್ರೈವರು ಬನ್ನು ನುಂಗಿ, "ಹೌದು ಸಾರ್, ನಾನು ಗಾಡಿಯವನು" ಅಂದ. ಇನ್‌ಸ್ಪೆಕ್ಟರನ ಮುಖ ಒಗೆದ ಬಟ್ಟೆಯಾಯಿತು. ಆದರೂ ಜಾಣ ನೋಡು, ಏನಂದ ಗೊತ್ತಾ?

"ಹಾಗಾದ್ರೆ ಕಷ್ಟ ಅಮ್ಮಾ. ಮಾಲೀಕರು ಗೈರುಹಾಜರು ಅಂತ ಬರೀಬೇಕಾಗತ್ತೆ."

ನನಗೆ ಬಂದ ಬೈಗುಳ ಬರೆಯಬೇಡ, ಪುಸ್ತಕ ಹಾಳಾಗುತ್ತದೆ. ಇವಳು ಮಾತ್ರ ಬೈಯಲಿಲ್ಲ. ಹಿಂದೆ ತಿರುಗಿ, "ಅಮ್ಮಾ, ಇಲ್ಲಿ ಬಾ" ಅಂತ ಸರ್ವೆ ಹುಡುಗಿಯನ್ನು ಕರೆದಳು. "ನೋಡು. ಅದೇ ಫೈಲು, ಅದೇ ಅಂಗಡಿ. ಕುರ್ಚಿಯಲ್ಲಿ ಅವರು ಕೂತಿದ್ರು, ಮಾಲೀಕರು ಹಾಜರು. ನಾನು ಬಂದು ನಿಂತೆ, ಗೈರುಹಾಜರು. ತಟ್ಟೆ ಬದಲಾಯ್ತು ಅಷ್ಟೇ. ಮುಳ್ಳು ಎಲ್ಲಿಗೆ ಹೋಯ್ತು ನೀನೇ ಹೇಳು."

ಹುಡುಗಿ ಬಗ್ಗಿಕೊಂಡು ಬಂದು ಬೆಳಕಿಗೆ ನಿಂತಳು. ಕತ್ತಿನಲ್ಲಿ ತೂಗಾಡುತ್ತಿದ್ದ ಸರ್ವೆಯ ಚೀಟಿ ಆಗ ಇನ್‌ಸ್ಪೆಕ್ಟರನ ಕಣ್ಣಿಗೆ ಬಿತ್ತು. ಪಾಪ, ಅವನು ಈ ಹುಡುಗಿಯನ್ನೂ ಅಂಗಡಿಯ ಕೆಲಸದವಳು ಅಂದುಕೊಂಡಿದ್ದ.

"ಸರ್," ಅಂದಳು ಹುಡುಗಿ, ಏನೂ ಗೊತ್ತಿಲ್ಲದವಳ ಹಾಗೆ, ನಿಜವಾಗಿಯೂ ಗೊತ್ತಿರಲಿಲ್ಲವೇನೋ, "ಅರ್ಜಿದಾರರು ಎದುರಿಗೇ ಇದ್ದಾಗ ಗೈರುಹಾಜರು ಅಂತ ಬರೆಯೋದು ನಿಮ್ಮ ನಿಯಮದಲ್ಲಿದೆಯಾ? ಎಷ್ಟನೇ ನಿಯಮ? ನಾನು ಬರ್ಕೋಬೇಕು."

"ಇಲ್ಲ ಮೇಡಮ್. ಹಾಗೆಲ್ಲ ಇಲ್ಲ. ಬಾಯಿ ತಪ್ಪಿ..."

"ಈ ಹಿಂದೆ ಮೂರು ಸಲ ಕೈ ತಪ್ಪಿದೆ" ಅಂತ ನಾನು ಸ್ಟೂಲಿನ ಮೇಲಿಂದಲೇ ಕೂಗಿದೆ.

"ಹಾಗಾದ್ರೆ ಮಾಲೀಕರು ಯಾರು ಸರ್?"

ಇನ್‌ಸ್ಪೆಕ್ಟರು ಫೈಲಿನ ಮೇಲಿದ್ದ ಹೆಸರನ್ನು ಆಗ ಓದಿದ. ಕಡೆಗೆ, "ಇವರೇ" ಅಂದ. ಹೊಸ ಹಾಳೆ ತೆಗೆದು ಬರೆದ. ಮಾಲೀಕಳು ಖುದ್ದು ಹಾಜರು. ಇವಳು ಬರೆದದ್ದನ್ನು ಎರಡು ಸಲ ಓದಿ, ಸೀಸದ ಮಸಿ ಕಾಗದಕ್ಕೆ ತಾಗದ ಹಾಗೆ ಮೊಣಕೈ ಎತ್ತಿ ಸಹಿ ಹಾಕಿದಳು. ಆಮೇಲೆ ಅವನನ್ನು ಅಷ್ಟಕ್ಕೇ ಬಿಟ್ಟಳೇ? ಇಲ್ಲ. "ವರ್ಕ್‌ಶಾಪು ನೋಡದೇ ತೃಪ್ತಿಕರ ಅಂತ ಬರೆದ್ರಲ್ಲ, ಬನ್ನಿ, ನೋಡಿ ಹೋಗಿ" ಅಂತ ಒಳಗೆ ಕರೆದಳು. ಅವನು ಬಗ್ಗಿ, ಇನ್ನೂ ಬಗ್ಗಿ, ಮಂಡಿಯ ಮೇಲೆ ಕೂತು ಒಂದೊಂದು ಅರವನ್ನೂ ನೋಡಿದ. ಎದ್ದೇಳುವಾಗ ಮೆಟ್ಟಿಲಿಗೆ ತಲೆ ಬಡಿಸಿಕೊಂಡ. ತಲೆ ಜೋಪಾನ ಅಂತ ಈ ಸಲ ಯಾರೂ ಹೇಳಿರಲಿಲ್ಲ.

ಹತ್ತಕ್ಕೆ ದೊಡ್ಡ ಸಾಹೇಬರು ಹೂವಿನ ಗುಚ್ಛ ಹಿಡಿದು ಬಂದಾಗ ಎಲ್ಲ ಮುಗಿದಿತ್ತು. "ಎಲ್ಲ ಚೆನ್ನಾಗಿದೆ ಅಂದ್ರಾ ಮೇಡಮ್?" ಅಂತ ಪಿಸುಗುಟ್ಟಿದರು. "ನೋಡಿದ್ದು ಅಂದೆ ಸಾರ್" ಅಂದಳು. ಗುಚ್ಛವನ್ನು ಯಾರಿಗೆ ಕೊಡುವುದು ತಿಳಿಯದೆ ಅವರು ಹುಡುಗಿಗೆ ಕೊಟ್ಟರು. ಹುಡುಗಿ ಅದನ್ನು ಡ್ರೈವರನಿಗೆ ಕೊಟ್ಟಳು.

ನನ್ನ ತಮ್ಮ ಮುದ್ರೆ ವಾಪಸ್ಸು ಕೊಡುವುದಕ್ಕೆ ಒಂದು ದಿನ ಮೊದಲು, ಅಂದರೆ ತಪಾಸಣೆಯಾದ ಒಂಬತ್ತನೆಯ ದಿನ, ಇವಳ ಲೈಸೆನ್ಸು ಬಂತು. ಜೊತೆಗೆ ಒಂದು ಸಣ್ಣ ರಟ್ಟಿನ ಡಬ್ಬಿ, ಅದರಲ್ಲಿ ಇವಳ ಸ್ವಂತ ನಂಬರಿನ ಮುದ್ರೆ.

ಮುಂದಿನ ವರ್ಷ ಆ ಸರ್ವೆಯ ಪುಸ್ತಕವೂ ಬಂತು. ನುಣುಪು ಹಾಳೆ, ಇಟ್ಟಿಗೆಯಷ್ಟು ದಪ್ಪ. ಓದು ಬಂದವರ ಹತ್ತಿರ ಓದಿಸಿ ಕೇಳಿದೆ. ವ್ಯಾಪಾರ ಶುರು ಮಾಡಲು ಹೆಂಗಸಿಗೆ ಕಾನೂನಿನ ಅಡ್ಡಿ: ಇಲ್ಲ, ಪೂರ್ತಿ ಅಂಕ. ಲೈಸೆನ್ಸು ಸಿಗಲು ಬೇಕಾಗುವ ಕಾಲ: ಒಂಬತ್ತು ದಿನ! ಕಡೆಯ ತಪಾಸಣೆಯಿಂದ ಎಣಿಸುತ್ತಾರಂತೆ, ಅದೇ ಕ್ರಮವಂತೆ. ನಮ್ಮ ದೇಶ ಐದು ಬೆಂಚು ಮುಂದಕ್ಕೆ. ಸಾಹೇಬರಿಗೆ ಬಡ್ತಿ. ಆ ಹುಡುಗಿ ನಡೆದದ್ದೆಲ್ಲ ಬರೆದು ಕಳಿಸಿದ್ದಳಂತೆ, ಇವಳಿಗೆ ಫೋನು ಮಾಡಿ ಅತ್ತಳು. ಅದನ್ನು ಹಾಕುವುದಕ್ಕೆ ಅವರ ಹಲಗೆಯಲ್ಲಿ ಜಾಗ ಇರಲಿಲ್ಲವಂತೆ. ನಾಲ್ಕು ವರ್ಷ ಹಿಡಿಸದ, ಮೂರು ಗೈರುಹಾಜರಿ ಹಿಡಿಸದ, ಒಂದು ಮೀಸೆ ಕೂಡ ಹಿಡಿಸದ ಅಳತೆ ಅದು! ಅಂಥ ತಕ್ಕಡಿಯನ್ನು ಯಾವನಾದರೂ ತರಕಾರಿಯವನು ಬೀದಿಯಲ್ಲಿ ಇಟ್ಟುಕೊಂಡಿದ್ದರೆ ಹೆಂಗಸರು ಅವನ ಗಾಡಿ ಮಗುಚಿರುತ್ತಿದ್ದರು. ಇವರಿಗೆ ದೇಶ ದೇಶದಲ್ಲಿ ಸನ್ಮಾನ.

ನಾನು ಹೀಗೆ ಕೂಗಾಡಿದರೆ ಇವಳು, "ನಿಂಗ್ಯಾಕಕ್ಕಾ ಅವರ ಉಸಾಬರಿ, ಬಿಡು" ಅನ್ನುತ್ತಾಳೆ. ನಾನು ಯಾಕೆ ಬಿಡಲಿ?

ಆದರೆ ಮುದ್ರೆ ಬಂದ ದಿನದ್ದು ಒಂದು ಹೇಳಿ ಮುಗಿಸುತ್ತೇನೆ. ಮೀನಿನವಳ ಅರ್ಧ ಕೇಜಿಯ ಕಲ್ಲು ಬೆಂಚಿನ ಮೇಲಿತ್ತು, ಸೀಸ ಹುಯ್ದು ಆರಿತ್ತು. ಇವಳು ಡಬ್ಬಿಯಿಂದ ಮುದ್ರೆ ತೆಗೆದಳು. ಬಟ್ಟೆಯಲ್ಲಿ ಒರೆಸಿದಳು. ಸೀಸದ ಮೇಲೆ ಇಟ್ಟು, ಸುತ್ತಿಗೆ ಎತ್ತಿ ಹೊಡೆದಳು. ಠಪ್ ಅಂತ ಪಕ್ಕಕ್ಕೆ ಜಾರಿತು. ನಂಬರು ಅರ್ಧ ಬಿದ್ದಿತ್ತು, ಅದೂ ಕುಡುಕನ ಹಾಗೆ ವಾಲಿಕೊಂಡು. ನಲವತ್ತು ವರ್ಷ ಎಲ್ಲ ಕೆಲಸವನ್ನೂ ಮಾಡಿದ ಕೈ, ಆ ಒಂದು ಏಟನ್ನು ಮಾತ್ರ ಯಾವತ್ತೂ ಹೊಡೆದಿರಲಿಲ್ಲವಲ್ಲ.

ನನಗೆ ನಗು ಬಂತು. ಗೊಳ್ಳೆಂದು ನಕ್ಕೆ. "ಏನಿದೆ ಹಲ್ಲು ಕಿರಿಯೋಕೆ? ಆ ಒಲೆ ಹಚ್ಚು" ಅಂತ ಗದರಿಸಿದಳು. ಹಚ್ಚಿದೆ. ಸೀಸವನ್ನು ಕೊರೆದು ತೆಗೆದು, ಮತ್ತೆ ಕರಗಿಸಿ, ಮತ್ತೆ ಹುಯ್ದು, ಮತ್ತೆ ತೂಗಿ, ತಟ್ಟೆ ಬದಲಾಯಿಸಿ ಇನ್ನೊಮ್ಮೆ ತೂಗಿದಳು. ಮೀನಿನವಳು ಬಾಗಿಲಲ್ಲಿ ನಿಂತು, "ಹೊತ್ತಾಯ್ತು ಕಣಕ್ಕಾ, ಮೀನು ಕೆಡತ್ತೆ" ಅಂತ ಒದರುತ್ತಿದ್ದಳು.

"ನಿಂತ್ಕೊಳ್ಳೇ, ಹೊಡೀತಾ ಇದ್ದೀನಿ" ಅಂದಳು ನನ್ನ ತಂಗಿ. ಎರಡನೆಯ ಏಟು ನೆಟ್ಟಗೆ ಬಿತ್ತು.